ಹಳೆಯ ವ್ಯಾನು, ಹೊಗೆಯ ಹದ

ಎಮಿಷನ್ ಟೆಸ್ಟ್ ಮಾಡಿಸುವಾಗ ಸೈಲೆನ್ಸರಿನ ಬಾಯಿಗೆ ತೂರಿಸುವ ಕೊಳವೆಯನ್ನು ನಾವೆಲ್ಲ ನೋಡಿದ್ದೇವೆ. ಆಮೇಲೆ ಕೈಗೆ ಬರುವ ಚೀಟಿಯಲ್ಲಿ ಮುಖ್ಯವಾಗಿ ಎರಡು ಅಂಕಿ ಇರುತ್ತವೆ: ಕಾರ್ಬನ್ ಮಾನಾಕ್ಸೈಡ್ ಇಷ್ಟು, ಹೈಡ್ರೊಕಾರ್ಬನ್ ಇಷ್ಟು. ಹೊಸ ಕಾರಿನ ಚೀಟಿಯಲ್ಲಿ ಮೊದಲ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾಲದ ಗಾಡಿಯದು ಶೇಕಡಾ ಎರಡೋ ಮೂರೋ. ಯಾಕೆ ಎಂದು ಕೇಳಿದರೆ ಗ್ಯಾರೇಜಿನ ಹುಡುಗನ ಹತ್ತಿರ ಉತ್ತರ ಸಿದ್ಧವಿರುತ್ತದೆ: ‘ಅದರಲ್ಲಿ ಕ್ಯಾಟ್ ಇದೆ ಸಾರ್, ಇದರಲ್ಲಿ ಇಲ್ಲ.’

ಹಾಗಾದರೆ ಹಳೆಯದಕ್ಕೂ ಒಂದು ಕ್ಯಾಟ್ ಹಾಕಿಸಿದರೆ ಆಯಿತಲ್ಲ? ಕೆಟಲಿಟಿಕ್ ಕನ್ವರ್ಟರ್ ಎನ್ನುವ ಈ ಪರಿವರ್ತಕ ಹೊರನೋಟಕ್ಕೆ ಒಂದು ಸ್ಟೀಲ್ ಡಬ್ಬಿ. ಎರಡೂ ತುದಿಯಲ್ಲಿ ಬಾಯಿ, ಒಳಗೆ ತಿರುಗುವ ಭಾಗ ಒಂದೂ ಇಲ್ಲ. ಹೊಗೆಕೊಳವೆಯನ್ನು ಕತ್ತರಿಸಿ ನಡುವೆ ಬೆಸೆಯುವುದು ವೆಲ್ಡಿಂಗ್ ಬಲ್ಲವರಿಗೆ ಅರ್ಧ ದಿನದ ಕೆಲಸ. ಹೀಗೆ ಬೆಸೆದುಕೊಂಡವರೂ ಇದ್ದಾರೆ. ಕೆಲವರ ಗಾಡಿಯ ಹೊಗೆ ಅರ್ಧದಷ್ಟು ತಿಳಿಯಾಯಿತು. ಇನ್ನು ಕೆಲವರ ಡಬ್ಬಿಯೊಳಗಿನ ಪಿಂಗಾಣಿ ಕರಗಿ ಮುದ್ದೆಯಾಗಿ, ಉಸಿರು ಕಟ್ಟಿದ ಎಂಜಿನ್ ದಿಬ್ಬ ಹತ್ತಲಾರದೆ ನಿಂತಿತು. ಡಬ್ಬಿ ಒಂದೇ ಆಗಿದ್ದರೂ ಫಲ ಹೀಗೇಕೆ ಬೇರೆಯಾಯಿತು ಎಂಬುದನ್ನು ಒಂದು ಹಳೆಯ ವ್ಯಾನಿನ ಕೆಳಗೆ ನುಸುಳಿ ನೋಡೋಣ.

ಒಂದೇ ಕಾರ್ಖಾನೆ, ಎರಡು ಕೊಳವೆ

ಹಿಪ್ಪಿಗಳ ವ್ಯಾನೆಂದು ಸಿನಿಮಾಗಳಲ್ಲಿ ಕಾಣುವ ಫೋಕ್ಸ್‌ವ್ಯಾಗನ್ ಬಸ್ಸಿನ ಮೂರನೇ ತಲೆಮಾರಿಗೆ ಟಿ3 ಎಂದು ಹೆಸರು. 1979ರಿಂದ ಜರ್ಮನಿಯ ಹ್ಯಾನೋವರ್‌ನಲ್ಲಿ ತಯಾರಾಯಿತು. ಎಂಜಿನ್ ಇರುವುದು ಹಿಂದುಗಡೆ, ಸಾಮಾನು ಇಡುವ ಹಲಗೆಯ ಕೆಳಗೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅದಕ್ಕೆ ನೀರಿನಿಂದ ತಣಿಸುವ 1.9 ಲೀಟರಿನ ಎಂಜಿನ್ ಬಂತು. ನಾಲ್ಕು ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಅಡ್ಡ ಮಲಗಿರುವ ಜೋಡಣೆ ಅದು.

ವಿಚಿತ್ರವೆಂದರೆ, ಇದೇ ವ್ಯಾನು ಹಡಗು ಹತ್ತಿ ಅಮೆರಿಕಕ್ಕೆ ಹೊರಟರೆ ಅದರ ಹೊಗೆಕೊಳವೆಯಲ್ಲಿ ಕ್ಯಾಟ್ ಇರುತ್ತಿತ್ತು, ಜರ್ಮನಿಯಲ್ಲೇ ಉಳಿದರೆ ಬರೀ ಕೊಳವೆ. ಅಮೆರಿಕದ ಗಾಡಿಗೆ ಎಲೆಕ್ಟ್ರಾನಿಕ್ ಇಂಧನ ಚಿಮ್ಮುಕವಿದ್ದರೆ ಜರ್ಮನಿಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬ್ಯುರೇಟರ್. ಕಾರಣ ಪೆಟ್ರೋಲಿನಲ್ಲಿತ್ತು. ಎಂಜಿನ್ ಕುಟ್ಟದಂತೆ ಆಗ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ಕ್ಯಾಟ್‌ನೊಳಗಿನ ಪ್ಲಾಟಿನಂ ಮೇಲೆ ಸೀಸ ಕೂತರೆ ಆ ಪ್ಲಾಟಿನಂ ಇದ್ದೂ ಇಲ್ಲದಂತೆ. ಫ್ರೆಂಚ್ ಎಂಜಿನಿಯರ್ ಯೂಜೀನ್ ಹೂಡ್ರಿ ಅಮೆರಿಕದಲ್ಲಿ ಇಂಥ ಪರಿವರ್ತಕಕ್ಕೆ 1950ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರೂ ಅದು ರಸ್ತೆಗೆ ಇಳಿಯದಿದ್ದುದು ಇದೇ ಸೀಸದಿಂದಾಗಿ. 1970ರ ಶುದ್ಧ ಗಾಳಿ ಕಾಯ್ದೆಯ ಒತ್ತಡ ಬಿದ್ದ ಮೇಲೆ, 1975ರ ಮಾದರಿಯ ಕಾರುಗಳಿಂದ ಅಮೆರಿಕದಲ್ಲಿ ಕ್ಯಾಟ್ ಬಂತು, ಬಂಕ್‌ಗಳಿಗೆ ಸೀಸವಿಲ್ಲದ ಪೆಟ್ರೋಲೂ ಬಂತು. ಕ್ಯಾಟ್ ಇರುವ ಕಾರಿನ ಟ್ಯಾಂಕಿನ ಬಾಯನ್ನು ಕಿರಿದು ಮಾಡಿ, ಸೀಸದ ಪಂಪಿನ ದಪ್ಪ ಮೂತಿ ಒಳಗೆ ಹೋಗದಂತೆ ನೋಡಿಕೊಂಡರು. ಆದರೂ ನಾಲ್ಕು ಕಾಸು ಉಳಿಸಲು ಆಲಿಕೆ ಇಟ್ಟು ಅಗ್ಗದ ಪೆಟ್ರೋಲ್ ಸುರಿದುಕೊಂಡವರು ಬೇಕಾದಷ್ಟಿದ್ದರು. ಜನ ಎಲ್ಲ ಕಡೆಯೂ ಜನವೇ.

ಜರ್ಮನಿ ಸೀಸವಿರುವ ಸಾಮಾನ್ಯ ಪೆಟ್ರೋಲನ್ನು ನಿಷೇಧಿಸಿದ್ದು 1988ರಲ್ಲಿ. ನಮ್ಮಲ್ಲಿ 1995ರ ಏಪ್ರಿಲಿನಿಂದ ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್ ಕಡ್ಡಾಯವಾಯಿತು. ಇಡೀ ದೇಶದ ಪೆಟ್ರೋಲಿನಿಂದ ಸೀಸ ಹೋಗಲು 2000ದ ಫೆಬ್ರುವರಿ ಬರಬೇಕಾಯಿತು.

ಅತ್ತ ಜರ್ಮನಿಯಲ್ಲಿ 2008ರ ಜನವರಿ 1ರಂದು ಬರ್ಲಿನ್, ಕೊಲೋನ್ ಮತ್ತು ಹ್ಯಾನೋವರ್ ನಗರಗಳು ತಮ್ಮ ನಡುಭಾಗವನ್ನು ಪರಿಸರ ವಲಯವೆಂದು ಘೋಷಿಸಿದವು. ಗಾಜಿನ ಮೇಲೆ ಬಣ್ಣದ ಚೀಟಿ ಇಲ್ಲದ ಗಾಡಿಗೆ ಪ್ರವೇಶವಿರಲಿಲ್ಲ. ಕ್ಯಾಟ್ ಇಲ್ಲದ ಪೆಟ್ರೋಲ್ ಗಾಡಿಗೆ ಚೀಟಿಯೂ ಇರಲಿಲ್ಲ. ಹ್ಯಾನೋವರ್‌ನಲ್ಲೇ ಹುಟ್ಟಿದ 1985ರ ವ್ಯಾನು ಹ್ಯಾನೋವರ್ ಪೇಟೆಯನ್ನೇ ಹೊಗುವಂತಿರಲಿಲ್ಲ! ಮೂವತ್ತು ವರ್ಷ ತುಂಬಿದ ಗಾಡಿಗಳಿಗೆ ಪಾರಂಪರಿಕ ವಾಹನವೆಂದು ವಿನಾಯಿತಿ ಇತ್ತು, ಆದರೆ ಈ ವ್ಯಾನುಗಳಿಗೆ ಅಷ್ಟು ವಯಸ್ಸಾಗಿರಲಿಲ್ಲ. ಹಳೆಯ ವ್ಯಾನಿಗೆ ಕ್ಯಾಟ್ ಕೂರಿಸುವ ಕಸುಬು ಅಲ್ಲಿ ಜೋರಾಗಲು ಈ ನಡುವಯಸ್ಸಿನ ಪೇಚಾಟವೂ ಒಂದು ಕಾರಣ.

ಒಲೆಯ ಮುಂದೆ ಕೂತವರಿಗೆ ಗೊತ್ತಿರುವ ಸಂಗತಿ

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಇದು ಸರಿಯಾದ ಹದ. ಗಾಳಿ ಕಡಿಮೆಯಾದರೆ ಗಟ್ಟಿ ಮಿಶ್ರಣ, ಹೆಚ್ಚಾದರೆ ತೆಳು ಮಿಶ್ರಣ.

ಸೌದೆ ಒಲೆಯಲ್ಲಿ ಅಡುಗೆ ಮಾಡಿದವರು ಈ ಎರಡನ್ನೂ ಕಂಡಿರುತ್ತಾರೆ. ಒಲೆಯ ಬಾಯಿಗೆ ಸೌದೆ ತುರುಕಿದರೆ ಗಾಳಿ ಸಾಲದೆ ಹೊಗೆ ಏಳುತ್ತದೆ, ಕಣ್ಣು ಉರಿಯುತ್ತದೆ. ಊದುಗೊಳವೆಯಲ್ಲಿ ಊದಿದರೆ ಭಗ್ಗೆಂದು ಹೊತ್ತಿಕೊಂಡು ಹೊಗೆ ಮಾಯವಾಗುತ್ತದೆ. ಹಾಗೆಂದು ಊದುತ್ತಲೇ ಇರುವಂತಿಲ್ಲ. ಉರಿ ಪಾತ್ರೆಯ ಆಚೀಚೆ ಹಾಯ್ದು ಸೌದೆ ದಂಡವಾಗುತ್ತದೆ, ಹಾಲು ಉಕ್ಕುತ್ತದೆ. ಊದುವುದು, ನಿಲ್ಲಿಸುವುದು, ಉರಿಯ ಬಣ್ಣ ನೋಡುವುದು, ಮತ್ತೆ ಊದುವುದು. ಒಮ್ಮೆ ಹೊಂದಿಸಿಟ್ಟು ಎದ್ದು ಹೋಗಲು ಒಲೆ ಬಿಡುವುದಿಲ್ಲ.

ಎಂಜಿನ್ನಿನಲ್ಲಿ ಮಿಶ್ರಣ ಗಟ್ಟಿಯಾದರೆ ಅರೆ ಉರಿದ ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಪೆಟ್ರೋಲಿನ ಚೂರುಗಳಾದ ಹೈಡ್ರೊಕಾರ್ಬನ್‌ಗಳು ಹೊರಬರುತ್ತವೆ. ಮೂರನೇ ಶತ್ರುವಿನ ಹುಟ್ಟು ಬೇರೆ ಬಗೆಯದು. ಗಾಳಿಯ ಮುಕ್ಕಾಲಿಗೂ ಹೆಚ್ಚು ಪಾಲು ಸಾರಜನಕ. ಸಿಲಿಂಡರಿನೊಳಗಿನ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಅದು ಆಮ್ಲಜನಕಕ್ಕೆ ಅಂಟಿಕೊಂಡು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಸುಮ್ಮನೆ ನಿಂತು ಗುರುಗುಟ್ಟುವ ಎಂಜಿನ್ನಿನಲ್ಲಿ ಇದು ಅತಿ ಕಡಿಮೆ, ದಿಬ್ಬ ಹತ್ತುವಾಗ ವಿಪರೀತ. ನಮ್ಮ ಎಮಿಷನ್ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲದಿರುವುದಕ್ಕೆ, ಗಾಡಿಯನ್ನು ನಿಲ್ಲಿಸಿಯೇ ಪರೀಕ್ಷಿಸುವ ಪದ್ಧತಿಯೂ ಒಂದು ಕಾರಣ.

ಈಗ ತೊಡಕು ನೋಡಿ. ಮೊದಲ ಎರಡನ್ನು ನಿವಾರಿಸಲು ಅವಕ್ಕೆ ಆಮ್ಲಜನಕ ಕೊಡಬೇಕು. ಮೂರನೆಯದನ್ನು ನಿವಾರಿಸಲು ಅದರಿಂದ ಆಮ್ಲಜನಕ ಕೀಳಬೇಕು. ಒಂದೇ ಡಬ್ಬಿಯಲ್ಲಿ, ಒಂದೇ ಹೊತ್ತಿನಲ್ಲಿ, ಈ ಎರಡೂ ತದ್ವಿರುದ್ಧ ಕೆಲಸ ಆಗಬೇಕು.

ರೋಡಿಯಂ ಮೇಲೆ ಜಾಗವಿದ್ದರೆ

ಡಬ್ಬಿಯನ್ನು ಸೀಳಿದರೆ ಒಳಗೆ ಒಂದು ಪಿಂಗಾಣಿ ಕಂಬ. ಕೊನೆಯಿಂದ ಕೊನೆಗೆ ಚೌಕಾಕಾರದ ತೂತುಗಳು, ಒಂದು ಚದರ ಅಂಗುಲಕ್ಕೆ ಸಾಮಾನ್ಯವಾಗಿ 400. ಬೆಳಕಿಗೆ ಹಿಡಿದರೆ ಆಚೆಯದು ಜಾಲರಿಯಂತೆ ಕಾಣುತ್ತದೆ. ಹೊಗೆಯನ್ನು ಸೋಸುವ ಯಾವ ತಡೆಯೂ ಅಲ್ಲಿಲ್ಲ. ಬಂದದ್ದೆಲ್ಲ ನೆಟ್ಟಗೆ ಆಚೆ ಹೋಗುತ್ತದೆ. ಕ್ಯಾಟ್ ಎಂದರೆ ಫಿಲ್ಟರ್ ಎಂದುಕೊಂಡವರು ಇಲ್ಲಿ ಸ್ವಲ್ಪ ನಿರಾಶರಾಗುತ್ತಾರೆ. ತೂತುಗಳ ಗೋಡೆಗೆ ಅಲ್ಯುಮಿನಾದ ಒರಟು ಲೇಪವಿದೆ. ಅದರ ಒಂದೇ ಒಂದು ಗ್ರಾಮಿನ ಒಳಹೊರಗಿನ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರು ಚದರ ಮೀಟರ್ ಆವರಿಸುತ್ತದೆ. ಈ ವಿಶಾಲ ಮೈಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ಕಣ್ಣಿಗೆ ಕಾಣದ ಕಣಗಳು. ಎಲ್ಲ ಸೇರಿ ಕೆಲವೇ ಗ್ರಾಂ. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 25,000 ಡಾಲರ್ ದಾಟಿತ್ತು, ಚಿನ್ನಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ರಾತ್ರಿ ಬೀದಿಯಲ್ಲಿ ನಿಂತ ಕಾರಿನಡಿ ಗರಗಸ ಹಿಡಿದು ನುಸುಳುವ ಕಳ್ಳರಿಗೆ ರಸಾಯನಶಾಸ್ತ್ರ ಗೊತ್ತಿರಬೇಕಿಲ್ಲ.

ಪ್ಲಾಟಿನಂ ಮೇಲೆ ಆಮ್ಲಜನಕದ ಅಣು ಇಳಿದಾಗ ಎರಡು ಬಿಡಿ ಪರಮಾಣುಗಳಾಗಿ ಒಡೆಯುತ್ತದೆ. ಪಕ್ಕದಲ್ಲಿ ಕಾರ್ಬನ್ ಮಾನಾಕ್ಸೈಡ್ ಬಂದು ಕೂತಿದ್ದರೆ ಒಂದು ಪರಮಾಣುವನ್ನು ಜೊತೆಗೆ ಸೇರಿಸಿಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತದೆ. ಲೋಹ ಇದ್ದ ಹಾಗೇ ಇರುತ್ತದೆ, ಮುಂದಿನ ಜೋಡಿಗೆ ಜಾಗ ತೆರವಾಗುತ್ತದೆ. ಲೋಹದ ಮೈಮೇಲಿನ ಇಂಥ ನಡೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದಕ್ಕೆ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರ ಸಂಸ್ಥೆ ಇರುವುದು ಬರ್ಲಿನ್‌ನಲ್ಲಿ. ಪ್ರಶಸ್ತಿ ಪ್ರಕಟವಾದ ಮೂರು ತಿಂಗಳೊಳಗೆ ಅದೇ ಊರು ಕ್ಯಾಟ್ ಇಲ್ಲದ ಗಾಡಿಗಳನ್ನು ಹೊರಗಿಟ್ಟಿತು. ಇಂಗಾಲದ ಡೈಆಕ್ಸೈಡ್ ಹೊರಬೀಳುವುದೇನೂ ತಪ್ಪುವುದಿಲ್ಲವಾದ್ದರಿಂದ ಭೂಮಿಯ ಬಿಸಿಗೆ ಕ್ಯಾಟ್ ಮದ್ದಲ್ಲ. ಅದು ಉಳಿಸುವುದು ಬೀದಿಯಲ್ಲಿ ಉಸಿರಾಡುವವರನ್ನು.

ರೋಡಿಯಂನ ಕೆಲಸ ಇನ್ನೂ ಸ್ವಾರಸ್ಯದ್ದು. ನೈಟ್ರಿಕ್ ಆಕ್ಸೈಡ್ ಅದರ ಮೇಲೆ ಇಳಿದಾಗ ಸಾರಜನಕ ಒಂದು ಕಡೆ, ಆಮ್ಲಜನಕ ಒಂದು ಕಡೆ ಆಗಿ ಬಿಡಿಯಾಗುತ್ತದೆ. ಎರಡು ಸಾರಜನಕಗಳು ಕೂಡಿಕೊಂಡು, ನಾವು ದಿನಾ ಉಸಿರಾಡುವ ನಿರಪಾಯದ ಅನಿಲವಾಗಿ ಹೊರಟುಹೋಗುತ್ತವೆ. ಆಮ್ಲಜನಕ ಮಾತ್ರ ರೋಡಿಯಂ ಮೇಲೇ ಉಳಿಯುತ್ತದೆ. ಅದನ್ನು ಯಾರಾದರೂ ಎತ್ತಿಕೊಂಡು ಹೋಗಬೇಕು, ಇಲ್ಲದಿದ್ದರೆ ಮುಂದಿನ ನೈಟ್ರಿಕ್ ಆಕ್ಸೈಡಿಗೆ ಇಳಿಯಲು ಜಾಗವಿಲ್ಲ. ಎತ್ತಿಕೊಂಡು ಹೋಗುವುದು ಕಾರ್ಬನ್ ಮಾನಾಕ್ಸೈಡ್. ಒಂದು ವಿಷ ಇನ್ನೊಂದು ವಿಷದ ಉಳಿಕೆಯನ್ನು ಗುಡಿಸಿ, ಎರಡೂ ಒಟ್ಟಿಗೆ ಕಳೆದುಹೋಗುವ ಏರ್ಪಾಡು ಇದು.

ಎಲ್ಲವೂ ಇರುವುದು ಈ ಜಾಗದ ಲೆಕ್ಕದಲ್ಲಿ. ಮಿಶ್ರಣ ತೆಳುವಾಗಿ ಹೊಗೆಯಲ್ಲಿ ಹೆಚ್ಚುವರಿ ಆಮ್ಲಜನಕ ಬಂತೆನ್ನಿ. ರೋಡಿಯಂ ಮೈತುಂಬ ಅದೇ ಕೂತುಬಿಡುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ಆ ಆಮ್ಲಜನಕವೇ ಉರಿಸಿ ಮುಗಿಸಿಬಿಡುತ್ತದೆ, ನೈಟ್ರಿಕ್ ಆಕ್ಸೈಡ್ ಹಾಗೇ ಹಾದುಹೋಗುತ್ತದೆ. ಗಟ್ಟಿಯಾಯಿತೆನ್ನಿ. ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ಒಡೆಯುತ್ತದೆ, ಆದರೆ ಉಳಿದ ಕಾರ್ಬನ್ ಮಾನಾಕ್ಸೈಡಿಗೆ ಆಮ್ಲಜನಕವೇ ಇಲ್ಲ. ಮೂರೂ ಒಟ್ಟಿಗೆ ಶೇಕಡಾ 90ರ ಆಸುಪಾಸು ಇಳಿಯುವುದು 14.7ರ ಎರಡೂ ಬದಿಗೆ ಶೇಕಡಾ ಒಂದರಷ್ಟೂ ಅಗಲವಿಲ್ಲದ ಇಕ್ಕಟ್ಟಿನಲ್ಲಿ.

ಕಾರ್ಬ್ಯುರೇಟರ್ ಆ ಇಕ್ಕಟ್ಟಿನಲ್ಲಿ ನಿಲ್ಲಲಾರದು. ಚಳಿಗೆ ಒಂದು ಹದ, ಸೆಕೆಗೆ ಇನ್ನೊಂದು, ಘಾಟಿ ಹತ್ತಿದರೆ ಮತ್ತೊಂದು. ಅದರ ತೂತುಗಳನ್ನು ಕೊರೆದವರು ಎಂಜಿನ್ ಕೆಮ್ಮಬಾರದೆಂದು ಮಿಶ್ರಣವನ್ನು ಒಂದಿಷ್ಟು ಗಟ್ಟಿಯಾಗಿಯೇ ಇಟ್ಟಿರುತ್ತಾರೆ. ಇಂಥ ಎಂಜಿನ್ನಿನ ಹಿಂದೆ ಬರೀ ಡಬ್ಬಿ ಬೆಸೆದರೆ ಅದು ಅನಿಯಂತ್ರಿತ ಕ್ಯಾಟ್. ಹೊಗೆ ಅರ್ಧದಷ್ಟು ತಗ್ಗಿದರೆ ಪುಣ್ಯ.

ಅಳೆಯುವ ಕಡ್ಡಿ

ಹದವನ್ನು ನೋಡಿ ಹೇಳುವ ಯಾರಾದರೂ ಒಬ್ಬರು ಬೇಕಲ್ಲ? ಆ ಕೆಲಸ ಲ್ಯಾಂಬ್ಡಾ ಸೆನ್ಸರಿನದು. ಗಾತ್ರದಲ್ಲಿ ಸ್ಪಾರ್ಕ್ ಪ್ಲಗ್‌ಗಿಂತ ಸ್ವಲ್ಪ ದಪ್ಪ. ಬಾಷ್ ಕಂಪನಿ ತಯಾರಿಸಿದ ಇದನ್ನು ಮೊದಲು ಹೊತ್ತು ರಸ್ತೆಗಿಳಿದದ್ದು ಸ್ವೀಡನ್ನಿನ ವೋಲ್ವೊ, 1970ರ ದಶಕದ ನಡುವೆ, ಕ್ಯಾಲಿಫೋರ್ನಿಯಾಕ್ಕೆಂದು ಕಳಿಸಿದ ಕಾರುಗಳಲ್ಲಿ. ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿ ಇದೆ. ಅದರ ಒಂದು ಮೈಗೆ ಹೊಗೆ ತಾಗುತ್ತದೆ, ಇನ್ನೊಂದಕ್ಕೆ ಹೊರಗಿನ ಗಾಳಿ. ಮುನ್ನೂರು ಡಿಗ್ರಿ ಮೀರಿ ಕಾದಾಗ ಅದರ ಮೂಲಕ ವಿದ್ಯುದಾವೇಶ ಹೊತ್ತ ಆಮ್ಲಜನಕ ಚಲಿಸುತ್ತದೆ. ಎರಡೂ ಬದಿಯ ಆಮ್ಲಜನಕದಲ್ಲಿ ವ್ಯತ್ಯಾಸ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಹೊಗೆ ತೆಳುವಿದ್ದರೆ 0.1 ವೋಲ್ಟ್, ಗಟ್ಟಿಯಿದ್ದರೆ 0.9. ನಡುವೆ ನಿಧಾನದ ಇಳಿಜಾರಿಲ್ಲ, 14.7ರ ಗೆರೆ ದಾಟಿದ ಕೂಡಲೇ ಧಡಕ್ಕನೆ ಆಚೆಗೋ ಈಚೆಗೋ ಬೀಳುತ್ತದೆ.

ಹೀಗಾಗಿ ಈ ಕಡ್ಡಿಗೆ ಹದ ಎಷ್ಟು ತಪ್ಪಿದೆ ಎಂದು ಹೇಳಲು ಬಾರದು. ಹೆಚ್ಚೋ ಕಡಿಮೆಯೋ ಅಷ್ಟನ್ನೇ ಹೇಳುತ್ತದೆ. ಕಡ್ಡಿಯ ಮಾತು ಕೇಳಿ ಪೆಟ್ರೋಲ್ ಹೊಂದಿಸುವ ನಿಯಂತ್ರಕ ಪೆಟ್ಟಿಗೆ ಒಲೆಯ ಮುಂದೆ ಕೂತವರ ಹಾದಿಯನ್ನೇ ಹಿಡಿಯುತ್ತದೆ: ತೆಳು ಎಂದರೆ ಪೆಟ್ರೋಲ್ ತುಸು ಏರಿಸುವುದು, ಗಟ್ಟಿ ಎಂದ ಕೂಡಲೇ ಇಳಿಸುವುದು. ಹದದ ಗೆರೆಯ ಮೇಲೆ ಮಿಶ್ರಣ ಎಂದೂ ನಿಲ್ಲುವುದಿಲ್ಲ, ಸೆಕೆಂಡಿಗೆ ಒಂದೆರಡು ಸಲ ಅದನ್ನು ಆಚೀಚೆ ದಾಟುತ್ತಿರುತ್ತದೆ. ಅದರಿಂದ ತೊಂದರೆಯಿಲ್ಲ. ಕ್ಯಾಟ್‌ನ ಲೇಪದಲ್ಲಿ ಬೆರೆಸಿರುವ ಸೀರಿಯಾ ಎಂಬ ವಸ್ತು, ತೆಳುವಾದ ಗಳಿಗೆಯಲ್ಲಿ ಹೆಚ್ಚುವರಿ ಆಮ್ಲಜನಕವನ್ನು ಹೀರಿಟ್ಟುಕೊಂಡು ಗಟ್ಟಿಯಾದ ಗಳಿಗೆಯಲ್ಲಿ ಬಿಟ್ಟುಕೊಡುತ್ತದೆ. ಆಚೀಚೆ ತೂಗುವ ಹೊಗೆ ಲೋಹದ ಮಟ್ಟಿಗೆ ಸರಿಸುಮಾರು ಸಮವಾಗಿಬಿಡುತ್ತದೆ. ನಿಯಂತ್ರಿತ ಕ್ಯಾಟ್ ಎಂದರೆ ಇಷ್ಟೂ ಸೇರಿ. ಬರ್ಲಿನ್‌ನ ಪರಿಸರ ವಲಯದ ಹಸಿರು ಚೀಟಿಗೆ ಬೇಕಿದ್ದುದು ಇದು.

ವ್ಯಾನಿನ ಅಡಿಯಲ್ಲಿ

ಕಾರ್ಬ್ಯುರೇಟರ್ ಇರುವ ಟಿ3ಗೆ ಇದನ್ನು ತರಲು ಎರಡು ದಾರಿ. ಒಂದು, ಅಮೆರಿಕದ ವ್ಯಾನಿನಲ್ಲಿದ್ದ ಚಿಮ್ಮುಕ, ವೈರಿಂಗ್, ಪೆಟ್ಟಿಗೆ ಎಲ್ಲವನ್ನೂ ಕಿತ್ತು ತಂದು ಕೂರಿಸುವುದು. ಇನ್ನೊಂದು ಸ್ವಲ್ಪ ಕಿಲಾಡಿ ದಾರಿ. ಕಾರ್ಬ್ಯುರೇಟರನ್ನು ಬೇಕೆಂದೇ ತುಸು ಗಟ್ಟಿಗೆ ತಿರುಗಿಸಿಟ್ಟು, ಅದರ ಕೆಳಗಿನ ಗಾಳಿದಾರಿಗೆ ಒಂದು ಪುಟ್ಟ ಕವಾಟ ಜೋಡಿಸುತ್ತಾರೆ. ಸೆನ್ಸರ್ ‘ಗಟ್ಟಿ’ ಎಂದಾಗ ಕವಾಟ ತೆರೆದು ಹೆಚ್ಚುವರಿ ಗಾಳಿ ಕುಡಿಸುತ್ತದೆ, ‘ತೆಳು’ ಎಂದಾಗ ಮುಚ್ಚುತ್ತದೆ. ಪೆಟ್ರೋಲಿನ ತಂಟೆಗೆ ಹೋಗದೆ ಗಾಳಿಯಲ್ಲೇ ಹದ ತರುವ ಉಪಾಯ. ಅಚ್ಚುಕಟ್ಟು ಮೊದಲನೆಯದರದೇ, ಆದರೆ ಹಳೆಯ ಗಾಡಿಯ ಮುಖ ಉಳಿಯಬೇಕೆನ್ನುವವರಿಗೆ ಎರಡನೆಯದೇ ಇಷ್ಟ. ನನಗೂ ಅದೇ.

ಯಾವ ದಾರಿ ಹಿಡಿದರೂ ಬೆವರು ಇಳಿಸುವುದು ಹಳೆಯ ನಟ್ಟುಗಳು. ಟಿ3ಯ ಹೊಗೆಕೊಳವೆಗಳು ಎಂಜಿನ್ನಿನ ಎರಡೂ ಬದಿಯಿಂದ ಹೊರಟು ಹಿಂದಿನ ಬಂಪರಿನ ಒಳಗೆ ಸೇರುತ್ತವೆ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು, ಚಕ್ರ ಎರಚುವ ಕೆಸರು ಎಲ್ಲ ಅಲ್ಲಿಗೇ. ಎಂಟು ಮಿಲಿಮೀಟರಿನ ಸ್ಟಡ್ ಮತ್ತು ಅದರ ನಟ್ಟು ತುಕ್ಕಿನಲ್ಲಿ ಒಂದೇ ಕಬ್ಬಿಣವಾಗಿರುತ್ತವೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ನೆನೆಸಿ, ಬೆಳಿಗ್ಗೆ ಗ್ಯಾಸ್ ಜ್ವಾಲೆಯಲ್ಲಿ ನಟ್ಟು ಕೆಂಪಾಗುವಷ್ಟು ಕಾಯಿಸಿ, ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ತುಕ್ಕಿನ ಪಟ್ಟು ಬಿಡಿಸಿಕೊಂಡು ತಿರುಗಿಸಬೇಕು. ಅವಸರ ಮಾಡಿದರೆ ಸ್ಟಡ್ ಅಲ್ಯುಮಿನಿಯಂ ಹೆಡ್ಡಿನೊಳಗೇ ಮುರಿಯುತ್ತದೆ. ಆಮೇಲೆ ಅದನ್ನು ಕೊರೆದು ತೆಗೆಯುವುದು ಬೇರೆಯದೇ ಪುರಾಣ.

ಈ ಕೀಲುಗಳ ಬಿಗಿಯಲ್ಲೇ ಎಲ್ಲ ನಿಂತಿದೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಒಂದೊಂದು ಸಿಲಿಂಡರಿನಿಂದ ಬಡಿತ ಬಡಿತವಾಗಿ ಬರುತ್ತದೆ. ಒಂದು ಬಡಿತದ ಬೆನ್ನಿಗೆ ಕೊಳವೆಯಲ್ಲಿ ಕ್ಷಣಮಾತ್ರ ಎಳೆತ ಉಂಟಾಗುತ್ತದೆ. ಸೆನ್ಸರಿಗಿಂತ ಮುಂಚೆ ಎಲ್ಲೋ ಪ್ಯಾಕಿಂಗ್ ಸೀಳಿದ್ದರೆ ಆ ಎಳೆತಕ್ಕೆ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಸೆನ್ಸರ್ ಆಮ್ಲಜನಕ ಕಂಡು ‘ತೆಳು’ ಎನ್ನುತ್ತದೆ. ಪೆಟ್ಟಿಗೆ ಅದನ್ನು ನಂಬಿ ಮಿಶ್ರಣವನ್ನು ಗಟ್ಟಿ ಮಾಡುತ್ತದೆ. ಮಾಲೀಕರು ಹೊಸ ಸೆನ್ಸರ್ ಕೊಳ್ಳುತ್ತಾರೆ, ಅದೂ ಹಾಗೇ ಹೇಳುತ್ತದೆ. ಸುಳ್ಳು ಕೊಳವೆಯದು. ಎಂಜಿನ್ ಆರಿಸಿ, ಹೊಗೆಕೊಳವೆಯ ತುದಿಯಿಂದ ಮೆಲ್ಲಗೆ ಗಾಳಿ ಊದಿಸಿ, ಕೀಲುಗಳ ಮೇಲೆ ಸೋಪಿನ ನೀರು ಸವರಿದರೆ ಗುಳ್ಳೆ ಏಳುವ ಜಾಗ ತಾನಾಗಿ ತೋರುತ್ತದೆ.

ಸೆನ್ಸರಿನ ಜಾಗಕ್ಕೂ ಕಟ್ಟುಪಾಡುಗಳಿವೆ. ಎರಡೂ ಬದಿಯ ಕೊಳವೆಗಳು ಕೂಡಿದ ಮೇಲೆ, ಕ್ಯಾಟ್‌ಗಿಂತ ಮೊದಲು ಅದು ಬರಬೇಕು. ಇಲ್ಲದಿದ್ದರೆ ಎರಡೇ ಸಿಲಿಂಡರಿನ ಸುದ್ದಿ ನಾಲ್ಕರದೆಂದು ಲೆಕ್ಕವಾಗುತ್ತದೆ. ಕೊಳವೆಗೆ 18 ಮಿಲಿಮೀಟರಿನ ಥ್ರೆಡ್ ಇರುವ ನಟ್ಟನ್ನು ಬೆಸೆಯಬೇಕು, ಅದೂ ಕೊಳವೆಯ ಮೇಲ್ಭಾಗದಲ್ಲಿ. ತಣ್ಣನೆಯ ಕೊಳವೆಯಲ್ಲಿ ಹೊಗೆಯ ನೀರಾವಿ ಹನಿಗಟ್ಟಿ ತಳದಲ್ಲಿ ನಿಲ್ಲುತ್ತದೆ, ಕಾದ ಜಿರ್ಕೋನಿಯಾಕ್ಕೆ ಒಂದು ಹನಿ ಸಿಡಿದರೂ ಅದು ಬಿರಿಯಬಹುದು.

ಮೂರನೆಯದು ಕಾವಿನ ತಡೆ. ದುಡಿಯುವ ಕ್ಯಾಟ್ 400ರಿಂದ 800 ಡಿಗ್ರಿ ಬಿಸಿಯಲ್ಲಿರುತ್ತದೆ. ಮೂಲದಲ್ಲಿ ಕ್ಯಾಟ್ ಇಲ್ಲದ ಗಾಡಿಯಲ್ಲಿ ಅದರ ಸುತ್ತ ಏನೇನು ಇದೆಯೆಂದು ನೋಡಿಯೇ ಬೆಸೆಯಬೇಕು: ವೈರು, ಪೆಟ್ರೋಲ್ ಪೈಪು, ಹಿಂದಿನ ಅಚ್ಚಿನ ರಬ್ಬರ್ ತೊಡುಗೆ. ಒಣಹುಲ್ಲಿನ ಮೇಲೆ ವ್ಯಾನು ನಿಲ್ಲಿಸುವ ಕ್ಯಾಂಪಿಂಗ್ ಪ್ರಿಯರಿಗೆ ತಗಡಿನ ಮರೆ ಇಲ್ಲದ ಕ್ಯಾಟ್ ಬೇಡವೇ ಬೇಡ.

ಕರಗುವ ಬಗೆ

ಮೊದಲು ಹೇಳಿದ ಮುದ್ದೆಯಾದ ಡಬ್ಬಿಯ ಕತೆ ಈಗ ಬಿಡಿಸಿಕೊಳ್ಳುತ್ತದೆ. ಒಂದು ಪ್ಲಗ್ ಕೆಟ್ಟು ಕಿಡಿ ಹಾರಿಸದಿದ್ದರೆ ಆ ಸಿಲಿಂಡರಿನ ಪೆಟ್ರೋಲೂ ಗಾಳಿಯೂ ಉರಿಯದೆ ಹೊರಬರುತ್ತವೆ. ಎರಡೂ ಒಟ್ಟಿಗೆ ಬಿಸಿ ಕ್ಯಾಟ್ ಸೇರಿದಾಗ ಅಲ್ಲೇ ಹತ್ತಿಕೊಳ್ಳುತ್ತವೆ. ಸಾವಿರ ಡಿಗ್ರಿ ಮೀರಿದರೆ ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ, ಮೇಲ್ಮೈ ಕುಗ್ಗುತ್ತದೆ. 1,450ರ ಸುಮಾರಿಗೆ ಪಿಂಗಾಣಿಯೇ ಕರಗುತ್ತದೆ. ಕ್ಯಾಟ್ ಇರುವ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಡಿ ಎನ್ನುವುದು ಇದಕ್ಕೇ. ಎಂಜಿನ್ ಆಯಿಲ್ ಕುಡಿಯುವ ಹಳೆಯ ಗಾಡಿಯದು ಬೇರೆ ಸಾವು: ಆಯಿಲಿನಲ್ಲಿರುವ ರಂಜಕ ಮತ್ತು ಸತು ಲೇಪದ ಮೇಲೆ ಪದರಗಟ್ಟುತ್ತವೆ. ಕ್ಯಾಟ್ ಕೊಳ್ಳುವ ಮೊದಲು ಪ್ಲಗ್, ಕಾಯಿಲ್, ಪಿಸ್ಟನ್ ರಿಂಗ್‌ಗಳಿಗೆ ದುಡ್ಡು ಹಾಕಿದವರೇ ಕೊನೆಗೆ ಕಡಿಮೆ ಖರ್ಚಿನಲ್ಲಿ ಪಾರಾಗುತ್ತಾರೆ. ಹಳೆಯ ಕ್ಯಾಟ್ ಸತ್ತಿದೆಯೇ ನೋಡಲು ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಎಂದರೆ ಪಿಂಗಾಣಿ ಮುರಿದಿದೆ.

ಮೊದಲ ನಿಮಿಷಗಳು

ಎಲ್ಲ ಸರಿಯಾಗಿ ಕೂತ ಮೇಲೂ ಒಂದು ಮಿತಿ ಉಳಿಯುತ್ತದೆ. ಸುಮಾರು 250ರಿಂದ 300 ಡಿಗ್ರಿ ಏರುವ ತನಕ ಕ್ಯಾಟ್ ಏನೂ ಮಾಡುವುದಿಲ್ಲ. ತಣ್ಣನೆಯ ಲೋಹದ ಮೇಲೆ ಕಾರ್ಬನ್ ಮಾನಾಕ್ಸೈಡ್ ಒತ್ತೊತ್ತಾಗಿ ಕೂತು, ಆಮ್ಲಜನಕಕ್ಕೆ ಇಳಿಯಲು ಎಡೆ ಕೊಡುವುದಿಲ್ಲ. ಕಾವೇರಿದಾಗಲೇ ಅದು ಹಿಡಿತ ಸಡಿಲಿಸುವುದು. ತಣ್ಣನೆಯ ಎಂಜಿನ್ನಿಗೆ ಗಟ್ಟಿ ಮಿಶ್ರಣ ಬೇಕಾಗುವುದೂ ಅದೇ ಹೊತ್ತಿನಲ್ಲಿ. ಇಂದಿನ ಕಾರುಗಳಲ್ಲಿ ಕ್ಯಾಟ್ ಎಂಜಿನ್ನಿಗೆ ಅಂಟಿಕೊಂಡಂತೆ ಇರುವುದರಿಂದ ಬೇಗ ಕಾಯುತ್ತದೆ. ಟಿ3ಯಲ್ಲಿ ಹೊಗೆ ಅಡ್ಡಡ್ಡ ಕೊಳವೆಗಳಲ್ಲಿ ಸುತ್ತಿ ಬರುವಷ್ಟರಲ್ಲಿ ಅರ್ಧ ಬಿಸಿ ಗಾಳಿಗೆ ಹೋಗಿರುತ್ತದೆ. ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತುವವರಿದ್ದಾರೆ. ಕಾವು ಉಳಿಯುತ್ತದೆ, ಆದರೆ ಪಟ್ಟಿಯಡಿ ತೇವ ನಿಂತು ತುಕ್ಕು ಬೇಗ ತಿನ್ನುತ್ತದೆ. ಅದಕ್ಕಿಂತ ಅಗ್ಗದ ಉಪಾಯ ಚಾಲಕನ ಕೈಯಲ್ಲೇ ಇದೆ. ಬೆಳಿಗ್ಗೆ ಎಂಜಿನ್ ಶುರುಮಾಡಿ ಅಂಗಳದಲ್ಲೇ ಗುರುಗುಟ್ಟಿಸುತ್ತ ನಿಲ್ಲಿಸಿದರೆ ಹೊಗೆ ತಣ್ಣಗಿದ್ದು ಕ್ಯಾಟ್ ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕೀ ತಿರುಗಿಸಿದ ಅರ್ಧ ನಿಮಿಷಕ್ಕೆ ಹೊರಟು, ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಕೊಂಡು ಓಡಿಸಿದರೆ ಎಂಜಿನ್ನಿಗೂ ಹಿತ, ಕ್ಯಾಟ್‌ಗೂ ಬೇಗ ಕೆಲಸ ಶುರು.